ಮಂಗಳವಾರದ ಕಟಿಂಗು, ಅಮೆರಿಕದ ಓಟು

ಮೊನ್ನೆ ಒಂದು ಕಟಿಂಗಿಗೆ ಇನ್ನೂರು ರೂಪಾಯಿ ಕೊಟ್ಟು ಬಂದೆ. ಅದೂ ನನ್ನ ತಲೆಗೆ. ಕಿವಿಯ ಸುತ್ತ ಒಂದು ಬೇಲಿ ಬಿಟ್ಟರೆ ಮಿಕ್ಕಿದ್ದೆಲ್ಲ ಬಯಲು. ಮರುಮಾತಾಡದೆ ಕೊಟ್ಟೆ ಎಂದಾಗ ನನ್ನ ಹೆಂಡತಿ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಸೈಕಲ್ಲಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಬೀದಿ ಬೀದಿ ಮಾರಿ, ಮೈಸೂರಿನ ಸರಸ್ವತಿಪುರಂನಲ್ಲಿ ಸ್ವಂತ ಅಂಗಡಿ ಮಾಡಿದವನು ನಾನು; ಕೊತ್ತಂಬರಿ ಸೊಪ್ಪನ್ನೂ ಚೌಕಾಸಿ ಮಾಡದೆ ಮನೆಗೆ ತಂದವನಲ್ಲ. ಆದದ್ದು ಇಷ್ಟೇ: ಕೆಲಸ ಮುಗಿದ ಮೇಲೆ ಕತ್ತರಿಯವನು ಕೇಳದೆಯೇ ನೆತ್ತಿಗೆ ತಂಪೆಣ್ಣೆ ಸುರಿದು ತಟ್ಟಿದ. ಕರ್ಪೂರದ ಆ ಘಾಟು ಮೂಗಿಗೆ ಏರಿದ್ದೇ ತಡ, ಚೆಲುವಣ್ಣನ ಅಂಗಡಿ ಕಣ್ಣೆದುರು ಬಂದು ನಿಂತಿತು. ಚೌಕಾಸಿಗೆ ನಾಲಿಗೆ ಏಳಲಿಲ್ಲ.

ಚೆಲುವಣ್ಣನ ಕ್ಷೌರದಂಗಡಿ ನನ್ನ ಅಂಗಡಿಯ ಪಕ್ಕದ್ದು. ಇಲವಾಲದವನು, ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದ. ಒಂದು ಕುರ್ಚಿ, ಒಂದು ಕನ್ನಡಿ, ಒಂದು ಉದ್ದನೆಯ ಬೆಂಚು. ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಆ ಬೆಂಚಿನ ಮೇಲೆ ಕುಳಿತು ಅಮೆರಿಕವನ್ನು ಆಳುತ್ತಿದ್ದವರು ಇಬ್ಬರು: ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಶಿವಲಿಂಗಪ್ಪ ಮೇಷ್ಟ್ರು ಮತ್ತು ವಿಮೆ ಏಜೆಂಟ್ ಪುಟ್ಟೇಗೌಡರು. ಇಬ್ಬರೂ ಅಮೆರಿಕ ಕಂಡವರಲ್ಲ. ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣ ಆಗುತ್ತದಂತೆ ಎಂಬ ಸುದ್ದಿಯನ್ನಷ್ಟೇ ಹತ್ತಿ ಇಳಿದವರು.

ಮೆಕ್ಸಿಕೊ ಕಡೆಯಿಂದ ಬೇಲಿ ದಾಟಿ ಬಂದವರು ಕಡಿಮೆ ಕೂಲಿಗೆ ಹುಲ್ಲು ಕತ್ತರಿಸುತ್ತಾರೆ, ಗಾರೆ ಕಲಸುತ್ತಾರೆ, ಕೋಳಿ ಕೊಯ್ಯುತ್ತಾರೆ. ಅದರಿಂದ ಅಲ್ಲಿಯ ಓದಿಲ್ಲದ ಕೆಲಸಗಾರನ ಕೂಲಿ ಕುಸಿಯುತ್ತದೆ. ಅವನು ಸಿಟ್ಟಿಗೆದ್ದು, ಬೇಲಿ ಎತ್ತರಿಸುತ್ತೇನೆ ಎಂದವನಿಗೆ ಓಟು ಹಾಕುತ್ತಾನೆ. ಇದು ಮೇಷ್ಟ್ರ ವಾದ. ಕೋಳಿ ಅಗ್ಗವಾದರೆ ತಿನ್ನುವವನೂ ಅದೇ ಕೆಲಸಗಾರ ತಾನೆ, ಬಂದವನೂ ಬಾಡಿಗೆ ಕಟ್ಟುತ್ತಾನೆ, ಅಂಗಿ ಕೊಳ್ಳುತ್ತಾನೆ, ಅದರಿಂದ ಇನ್ನೊಬ್ಬನಿಗೆ ಕೆಲಸ ಹುಟ್ಟುತ್ತದೆ ಎನ್ನುವುದು ಗೌಡರ ಜವಾಬು. ಮೇಷ್ಟ್ರು ಈರುಳ್ಳಿಯನ್ನೂ ಸಂಶಯದಿಂದ ನೋಡುವ ಶಾಕಾಹಾರಿ. ಕೋಳಿಯ ಮಾತು ಬಂದಾಗಲೆಲ್ಲ ಮೂಗಿಗೆ ವಸ್ತ್ರ ಹಿಡಿದುಕೊಂಡೇ ವಾದ ಮುಂದುವರಿಸುತ್ತಿದ್ದರು. ಗೌಡರಾದರೋ ಕುರ್ಚಿಯಲ್ಲಿ ಕುಳಿತು ಕತ್ತಿ ಗಂಟಲಿನ ಹತ್ತಿರ ಬಂದ ಕೂಡಲೇ ಮೇಷ್ಟ್ರ ಪಕ್ಷ ಸೇರಿಬಿಡುತ್ತಿದ್ದರು. ಏಕೆಂದರೆ ಚೆಲುವಣ್ಣ ಮೇಷ್ಟ್ರ ಕಡೆ.

ಅವನಿಗೆ ಅಮೆರಿಕದ ಉಸಾಬರಿ ಏಕೆ ಎನ್ನುತ್ತೀರಾ? ಮುಂದಿನ ತಿರುವಿನಲ್ಲಿ ಉತ್ತರಪ್ರದೇಶದ ಅಣ್ಣತಮ್ಮಂದಿರು ಹೊಸ ಸಲೂನು ತೆರೆದಿದ್ದರು. ರೇಟು ಕಡಿಮೆ. ಮೇಲೆ ತಂಪೆಣ್ಣೆ ಹಾಕಿ ತಲೆ ತಿಕ್ಕುವುದು ಪುಕ್ಕಟೆ. ಪುಕ್ಕಟೆ ಎನ್ನುವ ಪದ ಕಂಡಲ್ಲಿ ಸ್ವಲ್ಪ ನಿಲ್ಲಿ. ನಾನು ಸಾರಿನ ಪಾತ್ರೆಗೆ ಪುಕ್ಕಟೆ ಸೌಟು ಕೊಡುತ್ತಿದ್ದೆ, ಸೌಟಿನ ಬೆಲೆ ಎಲ್ಲಿ ಅಡಗಿರುತ್ತಿತ್ತು ಎಂದು ನನಗೆ ಗೊತ್ತು. ಇರಲಿ. ಇದಕ್ಕಿಂತ ಹೆಚ್ಚಾಗಿ, ಆ ಸಲೂನು ಮಂಗಳವಾರವೂ ತೆರೆದಿರುತ್ತಿತ್ತು. ಮಂಗಳವಾರ ನಮ್ಮೂರಿನ ಕ್ಷೌರದಂಗಡಿಗಳಿಗೆಲ್ಲ ರಜೆ. ಆ ದಿನ ಕೂದಲು ತೆಗೆಸಿಕೊಂಡರೆ ಮನೆಯ ಅಜ್ಜಿಯರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಚೆಲುವಣ್ಣನ ಕುರ್ಚಿ ದಿನೇ ದಿನೇ ಖಾಲಿಯಾಗುತ್ತ ಬಂತು. ಬೆಂಚು ಮಾತ್ರ ತುಂಬಿಯೇ ಇತ್ತು. ಒಂದು ಸಂಜೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, "ಸಂಕ್ರಾಂತಿಗಂಟ ನೋಡ್ತೀನಿ ಕಣಣ್ಣ," ಎಂದ. "ಆಗ್ನಿಲ್ಲ ಅಂದ್ರೆ ಬೀಗದ ಕೈ ಕೊಟ್ಬುಟ್ಟು ಊರಲ್ಲೇ ಕೂಲಿಗೆ ಹೋಯ್ತೀನಿ."

ಆ ಸಲ ಅಮೆರಿಕದಲ್ಲಿ ಚುನಾವಣೆ. ಅವರು ಓಟು ಹಾಕುವುದೂ ಮಂಗಳವಾರವೇ. ಬುಧವಾರ ಬೆಳಿಗ್ಗೆ ಬೆಂಚು ಕಿಕ್ಕಿರಿದಿತ್ತು. ವಾದ ಮುಗಿಯುವ ಲಕ್ಷಣ ಕಾಣದಿದ್ದಾಗ ನಾನೇ ಒಂದು ಉಪಾಯ ಹೇಳಿದೆ: ನಾವೆಲ್ಲ ಅಮೆರಿಕದ ಕೂಲಿಕಾರರು ಎಂದುಕೊಳ್ಳೋಣ, ಹೊರಗಿನವರು ಬೇಡ ಎನ್ನುವವರು ಕೈ ಎತ್ತಿ. ಕತ್ತಿ ಮಸೆಯುತ್ತ ನಿಂತಿದ್ದ ಚೆಲುವಣ್ಣನನ್ನು ಒಮ್ಮೆ ನೋಡಿ ಎಲ್ಲರೂ ಕೈ ಎತ್ತಿದರು. ಗೌಡರು ಎರಡೂ ಕೈ ಎತ್ತಿದರು.

ಫ್ಯಾನು ಆಗಲೇ ತಿರುಗಬೇಕೇ? ಬೆಂಚಿನ ಈ ತುದಿಯಿಂದ ಆ ತುದಿಗೆ ಕರ್ಪೂರದ ಘಾಟು ಬೀಸಿತು. ನೋಡಿದರೆ ಒಬ್ಬೊಬ್ಬರ ಕತ್ತೂ ಹೊಸದಾಗಿ ಸುಣ್ಣ ಬಳಿದ ಗೋಡೆಯಂತಿತ್ತು. ಮೈಸೂರಿನ ಕತ್ತರಿಗಳೆಲ್ಲ ಮಲಗಿದ್ದ ಮಂಗಳವಾರ ಬೆಂಚಿಗೆ ಬೆಂಚೇ ತಿರುವಿನಲ್ಲಿ ಕಟಿಂಗ್ ಮಾಡಿಸಿಕೊಂಡು ಬಂದಿತ್ತು.

ಚೆಲುವಣ್ಣ ಕತ್ತಿ ಮಡಚಿದ. "ಓಟೆಲ್ಲಾ ನನ್ ಕಡೆ ಬಂದವೆ ಮೇಷ್ಟ್ರೇ. ತಲೆಗಳು ಮಾತ್ರ ಆ ಕಡೆ ಹೋಗವೆ."

ತಪ್ಪು ತಿದ್ದಿಕೊಳ್ಳೋಣವೆಂದರೆ ಅಲ್ಲಿ ಯಾರ ತಲೆಯಲ್ಲೂ ಕತ್ತರಿಸಲು ಕೂದಲು ಉಳಿದಿರಲಿಲ್ಲ. ಕೊನೆಗೆ ಮೇಷ್ಟ್ರು ಎದ್ದು ಕುರ್ಚಿಯಲ್ಲಿ ಕುಳಿತು, ಕಾಲೇಜಿನ ದಿನಗಳಿಂದ ಸಾಕಿದ್ದ ಮೀಸೆಯನ್ನು ತೋರಿಸಿ, ಇದನ್ನು ತೆಗೆದುಬಿಡು ಎಂದರು.

"ಮೀಸೆ ಮಡಿಕ್ಕಳಿ," ಎಂದ ಚೆಲುವಣ್ಣ. "ನಂಗೆ ದಾನ ಬ್ಯಾಡ, ಗಿರಾಕಿ ಬೇಕು."

ಇಂಥ ಹೊತ್ತಿನಲ್ಲಿ ವಾದದಿಂದ ಪ್ರಯೋಜನವಿಲ್ಲ, ವ್ಯಾಪಾರಕ್ಕೆ ಇಳಿಯಬೇಕು. ನಾನು ನೇರವಾಗಿ ತಿರುವಿನ ಸಲೂನಿಗೆ ಹೋದೆ. ಪಾತ್ರೆ ಮಂಡಿಯಲ್ಲಿ ಕಲಿತ ನನ್ನ ಹಿಂದಿಯಲ್ಲಿ ದರ ಇಳಿಸಿ ಎಂದು ಕೇಳುವುದು ಸುಲಭ. ಏರಿಸಿ ಎಂದು ಕೇಳುವುದಕ್ಕೆ ಬೆವರು ಬಂತು. ಅಣ್ಣನ ಹೆಸರು ರಾಮಸೇವಕ. ಅವನು ಹೇಳಿದ್ದು ಕೇಳಿ ಬೆರಗಾದೆ. ಅವರ ಊರಿನಲ್ಲೂ ಮಂಗಳವಾರ ಯಾರೂ ಕತ್ತರಿ ಮುಟ್ಟುವುದಿಲ್ಲವಂತೆ. ಬಾಗಿಲು ಹಾಕಿ ಒಳಗೆ ಮಲಗಿದ್ದವರನ್ನು ಬಡಿದು ಎಬ್ಬಿಸಿದವರು ನಮ್ಮವರೇ. ಮೊದಲು ಬಂದವರಿಗೆ ದೊಡ್ಡ ಮೀಸೆಯಿತ್ತಂತೆ.

ಒಳಗೆ ಮಲಗುವುದೇಕೆ ಎಂದು ಕೇಳಿದೆ. ಇಡೀ ಬಡಾವಣೆಯಲ್ಲಿ ಅವರಿಗೆ ಯಾರೂ ರೂಮು ಕೊಟ್ಟಿರಲಿಲ್ಲ. ಕೂದಲು ಬಿದ್ದ ನೆಲದ ಮೇಲೆಯೇ ಚಾಪೆ. ನನ್ನ ಅಂಗಡಿಯ ಮೇಲೆ ಒಂದು ರೂಮು ಖಾಲಿ ಇತ್ತು. ಮಾತು ಕುದುರಿತು: ಅವರಿಗೆ ರೂಮು, ನಲ್ಲಿ ನೀರು, ಚೆಲುವಣ್ಣನ ಸಲುವಾಗಿ ಎರಡೂ ಅಂಗಡಿಗೆ ಒಂದೇ ರೇಟು, ಒಂದೇ ರಜೆ. ನನಗೆ ಬಾಡಿಗೆ. ನಾನು ಸನ್ಯಾಸಿಯಲ್ಲ.

ಸಂಕ್ರಾಂತಿಗೆ ಚೆಲುವಣ್ಣ ಬೀಗದ ಕೈ ಕೊಡಲಿಲ್ಲ. ಎಳ್ಳುಬೆಲ್ಲ ಹಂಚಿದ, ತಿರುವಿನ ಸಲೂನಿಗೂ ಕಳಿಸಿದ. ಎಲ್ಲ ಗಿರಾಕಿಗಳೂ ಮರಳಿದರು ಎಂದರೆ ಸುಳ್ಳಾಗುತ್ತದೆ. ಕಾಲೇಜು ಹುಡುಗರು ಎಣ್ಣೆಗೆ ಸೋತವರು ಸೋತವರೇ. ಆದರೂ ಅವನ ಕುರ್ಚಿ ಉಳಿಯಿತು. ಅಮೆರಿಕದ ವಿಷಯದಲ್ಲಿ ತಾವೇ ಗೆದ್ದದ್ದೆಂದು ಮೇಷ್ಟ್ರೂ ಗೌಡರೂ ಇಬ್ಬರೂ ಹೇಳಿಕೊಂಡು ತಿರುಗಿದರು. ಬೇಸಿಗೆಯ ಒಂದು ಮಧ್ಯಾಹ್ನ ನಾನು ಬಾಡಿಗೆ ಕೇಳಲು ಹೋದಾಗ ರಾಮಸೇವಕನ ಕುರ್ಚಿಯಲ್ಲಿ ಒಬ್ಬರು ಎಣ್ಣೆ ಹಾಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಬಗ್ಗಿ ನೋಡಿದರೆ ಚೆಲುವಣ್ಣ. ಎಬ್ಬಿಸಲಿಲ್ಲ. ತನ್ನ ತಲೆಯನ್ನು ತಾನೇ ಕತ್ತರಿಸಿಕೊಳ್ಳಲು ಯಾವ ಕ್ಷೌರಿಕನಿಗೆ ಬರುತ್ತದೆ ಹೇಳಿ.

ಮೊನ್ನೆ ಎಣ್ಣೆ ಸುರಿದವನನ್ನು ಯಾವೂರಪ್ಪ ಎಂದೆ. ಅಸ್ಸಾಂ ಎಂದ. ಇನ್ನೂರು ಎಣಿಸಿಕೊಟ್ಟು, ರೂಮು ಸಿಕ್ಕಿತೇ ಎಂದು ಕೇಳಿದೆ. ಸಿಕ್ಕಿದೆಯಂತೆ, ಮೇಲೆ ತಗಡು, ಬಾಡಿಗೆ ಮಾತ್ರ ಆರ್‌ಸಿಸಿ ತಾರಸಿಯದು. ಮುಂದಿನ ಭಾನುವಾರ ನಾನೇ ಹೋಗಿ ಆ ಮಾಲೀಕನ ಹತ್ತಿರ ಮಾತಾಡುವವನಿದ್ದೇನೆ.

ನಿಮಗೆ ಹೇಳುವುದಿಷ್ಟು. ಖಾಲಿ ರೂಮಿದ್ದರೆ ಹೊರಗಿನವರಿಗೆ ಕೊಡಿ, ಕರೆಂಟಿನ ಮೀಟರು ಮಾತ್ರ ಬೇರೆ ಹಾಕಿಸಿ. ರೇಟು ಏನೆಂದು ಕೇಳುವಾಗ ರಜೆ ಯಾವತ್ತು ಎಂದೂ ಕೇಳಿ. ನಿಮ್ಮ ಬೀದಿಯ ಚೆಲುವಣ್ಣನ ಪರವಾಗಿ ಕೈ ಎತ್ತಬೇಕೆನಿಸಿದರೆ ಕೈ ಜೇಬಿನಲ್ಲೇ ಇರಲಿ. ಬುಧವಾರದವರೆಗೆ ಕಾದು, ಬೆಳೆದ ಕೂದಲಿನ ಸಮೇತ ಹೋಗಿ ಅವನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳಿ.