ತಮ್ಮ ತುಂಬಿಟ್ಟಿದ್ದ ಎಣ್ಣೆ

ನನ್ನ ತಮ್ಮ ಎಣ್ಣೆ ತುಂಬಿ ಕೂಡಿಸಿದ್ದ ಪಂಪನ್ನು ನಾನು ಬಿಚ್ಚಿದೆ. ತಿರುಗಿ ಜೋಡಿಸುವಾಗ ಎಣ್ಣೆ ತುಂಬಲಿಲ್ಲ. ತುಂಬಿಲ್ಲವೆಂದು ಅವನಿಗೆ ಹೇಳಲೂ ಇಲ್ಲ.

ತೊಂಬತ್ತರ ದಶಕದ ಕೊನೆ. ಸವದತ್ತಿಯಲ್ಲಿ ನಮ್ಮಿಬ್ಬರದು ಒಂದು ತಗಡಿನ ಗ್ಯಾರೇಜು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಪಾನಾ ಹಿಡಿದು ಬೋಲ್ಟ್ ತಿರುಗಿಸುವುದಷ್ಟೇ ಗೊತ್ತು. ಎಂಜಿನ್ನಿನ ಒಳಗು ತಿಳಿದವನು ತಮ್ಮ. ಗಿರಾಕಿಗಳು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ನನಗದು ಒಳಗೇ ಕುಟುಕುತ್ತಿತ್ತು.

ಹೂಲಿಯ ಗೌಡರೊಬ್ಬರ ಅಂಬಾಸಿಡರ್ ಕಾರಿನ ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದ್ದೆವು. ಆಯಿಲ್ ಪಂಪು ಎರಡಿದ್ದವು: ಮೊದಲಿನಿಂದ ಇದ್ದ ಹಳೆಯದು, ಗೌಡರು ತರಿಸಿಕೊಟ್ಟ ಹೊಸದು. ತಮ್ಮ ಎರಡರ ಹಲ್ಲುಗಳ ಸಂದಿಗೂ ಅಳತೆಯ ತೆಳು ಪಟ್ಟಿ ತೂರಿಸಿ ನೋಡಿ, ಹಳೆಯದು ಸವೆದಿದೆ, ಹೊಸದೇ ಇರಲಿ ಎಂದ. ಕೂಡಿಸುವಾಗ ನಾನು ಇರಲಿಲ್ಲ. ಬಂದು ನೋಡಿದರೆ ಹೊಸ ಪಂಪಿನ ಡಬ್ಬಿ ಮುಚ್ಚಿಕೊಂಡೇ ಹಲಗೆಯ ಮೇಲಿತ್ತು. ಎತ್ತಿದೆ, ಭಾರವಿತ್ತು. ಹಳೆಯದನ್ನೇ ಹಾಕಿ ಹೊಸದನ್ನು ಬೈಲಹೊಂಗಲದ ತನ್ನ ಗೆಳೆಯನೊಬ್ಬನಿಗೆ ಸಾಗಿಸುವ ಹಂಚಿಕೆ ಇರಬೇಕು ಎಂದುಕೊಂಡೆ. ಹಿಂದಿನ ವಾರ ಆ ಗೆಳೆಯ ಬಂದಾಗ ಇಬ್ಬರೂ ಸಣ್ಣ ದನಿಯಲ್ಲಿ ಮಾತಾಡಿದ್ದು ನೆನಪಾಯಿತು.

ಊಟಕ್ಕೆ ಹೊರಟ ತಮ್ಮ ಹೇಳಿದ: “ಪಂಪ್ ತುಂಬಿ ಕೂಡ್ಸೇನಿ ಅಣ್ಣಾ. ಕೈ ಹಚ್ಚಬ್ಯಾಡ, ಬಂದು ಕೆಳಗಿನ ಎಣ್ಣಿ ಚೇಂಬರ್ ನಾನ ಮುಚ್ಚತೇನಿ.” ಆ ‘ಕೈ ಹಚ್ಚಬ್ಯಾಡ’ ಸಂಶಯವನ್ನು ಗಟ್ಟಿ ಮಾಡಿತು.

ಡಬ್ಬಿ ತೆರೆದಿದ್ದರೆ ಸಾಕಿತ್ತು. ನಾನು ಕಾರಿನ ಕೆಳಗೆ ನುಗ್ಗಿ ಪಂಪನ್ನೇ ಇಳಿಸಿದೆ. ಒಳಗಿನ ಎಣ್ಣೆ ಮೊಣಕೈವರೆಗೆ ಸುರಿಯಿತು. ಹಲ್ಲು ಒರೆಸಿ ಬೆಳಕಿಗೆ ಹಿಡಿದೆ. ಹೊಸದೇ. ಡಬ್ಬಿಯಲ್ಲಿದ್ದದ್ದು ಕಾಗದ ಸುತ್ತಿದ ಹಳೆಯದು. ತೆಗೆದ ಸಾಮಾನನ್ನು ಹೊಸದರ ಡಬ್ಬಿಯಲ್ಲಿಟ್ಟು ಗಿರಾಕಿಗೆ ಒಪ್ಪಿಸುವುದು ನಮ್ಮಲ್ಲೇ ರೂಢಿ. ನನಗೆ ಅದೂ ಮರೆತಿತ್ತು.

ಹೊರಗೆ ಅವನ ಸೈಕಲ್ಲಿನ ಸದ್ದು ಕೇಳಿತು. ಒಣಗಿದ ಪಂಪು ಕೆಳಗಿನ ಎಣ್ಣೆಯನ್ನು ಮೇಲೆಳೆಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು; ಆದರೂ ಅವಸರದಲ್ಲಿ ಒಣ ಪಂಪನ್ನೇ ಕೂಡಿಸಿ ಬೋಲ್ಟ್ ಬಿಗಿದೆ.

ತಮ್ಮ ಚೇಂಬರ್ ಮುಚ್ಚಿ ಎಣ್ಣೆ ಹಾಕುವಷ್ಟರಲ್ಲಿ ಗೌಡರು ಕಾಯಿ, ನಿಂಬೆಹಣ್ಣು ಹಿಡಿದು ಬಂದರು. ಅಮಾವಾಸ್ಯೆಯ ಗಾಡಿಪೂಜೆ, ರಾಹುಕಾಲ ಹತ್ತುವ ಮೊದಲೇ ಎಂಜಿನ್ ಚಾಲೂ ಆಗಬೇಕೆಂದರು. ಬೇರೆ ದಿನವಾಗಿದ್ದರೆ ತಮ್ಮ ಪ್ಲಗ್ ತೆಗೆದು, ಹ್ಯಾಂಡಲ್ ತಿರುಗಿಸಿ, ಎಣ್ಣೆ ಮೇಲೇರಿದ್ದನ್ನು ಕಂಡೇ ಚಾಲೂ ಮಾಡುತ್ತಿದ್ದ. ಪಂಪು ತುಂಬಿದೆಯಲ್ಲ ಎಂದು ಅಂದು ಬಿಟ್ಟ. ಎಂಜಿನ್ ಚಾಲೂ ಆಯಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಏಳಲಿಲ್ಲ. ಬಂದ್ ಮಾಡು ಎನ್ನುವ ಬದಲು ನಾನು ಪಾನಾ ಒರೆಸುತ್ತ ನಿಂತೆ. ಅವನು ಮುಳ್ಳು ಕೆಟ್ಟಿರಬೇಕೆಂದು ಗಾಜು ಬಡಿಯುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಕಟಕಟ ಸದ್ದು ಬಂತು; ಎಣ್ಣೆ ಕಾಣದೆ ಬೇರಿಂಗುಗಳು ಹೋಗಿದ್ದವು.

“ಪಂಪ್ ಆರಿಸಾಕ ಬರದಾಂವ ಎಂಥಾ ಮಿಸ್ತ್ರಿಲೇ ನೀ?” ಎಂದರು ಗೌಡರು. ತಮ್ಮ ತಲೆ ತಗ್ಗಿಸಿದ.

ಕಾರು ಬೈಲಹೊಂಗಲದ ಬೇರೆ ಗ್ಯಾರೇಜಿಗೆ ಹೋಯಿತು, ಗೌಡರ ಮಾತು ರಾಮದುರ್ಗದವರೆಗೂ ಹೋಯಿತು. ಎಂಜಿನ್ ಕೆಲಸ ಬರುವುದು ನಿಂತಿತು. ತಮ್ಮ ಪಂಕ್ಚರ್ ತೆಗೆಯುತ್ತ ಕುಳಿತ. ಪಂಪಿನ ಬೋಲ್ಟಿನ ಮೇಲೆ ನನ್ನ ಪಾನಾ ಮಾಡಿದ ಹೊಸ ಗೀರು ಅವನಿಗೆ ಕಂಡಿತ್ತೇ? ಅವನು ಸುಮ್ಮನೆ ಚಹಾ ಕೊಟ್ಟರೂ ಮುಖ ನೋಡುತ್ತಿದ್ದೆ, ಏನೋ ಗೊತ್ತಾಗಿರಬೇಕೆಂದು.

ಹತ್ತು ವರ್ಷದ ಮೇಲೆ ಕಿತ್ತೂರಿನವರೊಬ್ಬರು ಎಂಜಿನ್ ಕಟ್ಟಿಸಲು ಬಂದರು. ತಮ್ಮ ಒಲ್ಲೆನೆಂದ. “ಪಂಪ್ ಆರಿಸೂದು ನನಗ ತಿಳಿಯಂಗಿಲ್ರಿ” ಎಂದ. ಅವರು ತಿರುಗಿ ಹೊರಡುವ ಮೊದಲೇ, ಅವರೆದುರಿಗೇ ಹೇಳಿದೆ:

“ಚಲೋ ತಿಳೀತೈತ್ರಿ ಅವಗ. ತಮ್ಮಾ, ನೀ ಆರಿಸಿದ ಪಂಪ್ ಬರೋಬರಿ ಇತ್ತು. ನಿನ್ನ ಮ್ಯಾಲ ಸಂಶೇ ಪಟ್ಟು ನಾ ಬಿಚ್ಚಿದ್ದೆ, ಎಣ್ಣಿ ತುಂಬಲಾರದ ಕೂಡ್ಸಿದೆ. ತಪ್ಪಾತೋ. ನನ್ನ ಮಾಫ್ ಮಾಡು.”