ಸನ್ಮಾನದ ಶಾಲಿನ ಸದುಪಯೋಗ

ಬನಿಯನ್ನೇ ಭಾರವೆನಿಸುವ ನಮ್ಮ ಸಿಂಧನೂರು ಸೀಮೆಯ ಸೆಕೆಯಲ್ಲಿ ಶಾಲು ಯಾರಿಗೂ ಬೇಕಿಲ್ಲ. ಆದರೂ ಅದನ್ನು ಹೊದಿಸಿಕೊಳ್ಳದೆ ಇಲ್ಲಿ ವಯಸ್ಸಾಗುವುದು ಕಷ್ಟ. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾಗಿ ಊರಿಗೆ ಮರಳಿದ ನನ್ನ ಬೀರುವಿನಲ್ಲಿ, ಭಾಷಣ ಮಾಡಿದ್ದಕ್ಕೆ ಮಸ್ಕಿಯವರೂ, ಬೇಗ ಮುಗಿಸಿದ್ದಕ್ಕೆ ಸಿಂಧನೂರಿನವರೂ ಹೊದಿಸಿದ ಶಾಲುಗಳ ಗುಡ್ಡೆಯೇ ಇದೆ. ಚಳಿಗೆ ತೆಳು, ಸೆಕೆಗೆ ದಪ್ಪ. ನೀರು ಹೀರದ ಕಾರಣ ಮೈ ಒರೆಸಲೂ ಬಾರವು. ಇಂಥ ನಿರುಪಯುಕ್ತ ವಸ್ತುವಿನ ಪರಮ ಪ್ರಯೋಜನವನ್ನು ನನಗೆ ತೋರಿಸಿಕೊಟ್ಟವರು ನಮ್ಮೂರ ಆಸ್ಪತ್ರೆಯ ಮ್ಯಾನೇಜರು.

ಊರಿನ ಹೆರಿಗೆ ವಾರ್ಡು ಮುಚ್ಚಿ ಬಸುರಿಯರನ್ನೆಲ್ಲ ಸಿಂಧನೂರಿಗೆ ಕಳಿಸುವ ಯೋಚನೆ ಅವರದು. ಇದಕ್ಕೆಲ್ಲ ಈಗ ಸಾರ್ವಜನಿಕರ ಅಭಿಪ್ರಾಯ ಕೇಳಬೇಕಂತೆ, ಕೇಳಿದರು. ಶಾಮಿಯಾನ ಹಾಕಿಸಿ, ತಿನ್ನಲು ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ಮಾಡಿಸಿ, ನನ್ನಂಥ ನಿರುಪದ್ರವಿಗಳನ್ನು ವೇದಿಕೆಯ ಮೇಲೆ ಜೋಡಿಸಿ ಸಭೆ ನಡೆಸಿದರು. ಕೇಳುವ ಮಾತಿದ್ದವಳು ಒಬ್ಬಳೇ: ನಮ್ಮ ಓಣಿಯ ರೇಣುಕಮ್ಮ, ಭತ್ತದ ನಾಟಿಗೆ ಹೋಗುವ ಹೆಣ್ಣುಮಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಮನೆಯಲ್ಲಿ ದಿನ ತುಂಬಿದ್ದವು. ಆಕೆ ಎದ್ದು ನಿಂತಳು.

"ಸಾಹೇಬ್ರ, ಹೊತ್ತಲ್ಲದ ಹೊತ್ತಿನಾಗ ಬ್ಯಾನಿ ಎದ್ದರ ನಾವು ಸಿಂಧನೂರಿಗೆ ಹೆಂಗ ಮುಟ್ಟಬೇಕ್ರಿ?"

ಇಷ್ಟು ನೇರವಾದ ಪ್ರಶ್ನೆಗೆ ಉತ್ತರ ಕೊಡಲು ಮ್ಯಾನೇಜರೇನು ದಡ್ಡರೇ? ಕೈಮುಗಿದರು. ಇಂಥ ಜಾಗೃತ ಮಾತೆ ಕೆಳಗೆ ಕೂರುವುದು ಊರಿಗೇ ಅವಮಾನವೆಂದು ವೇದಿಕೆಗೆ ಕರೆಸಿ, ನರ್ಸಮ್ಮನ ಕೈಯಿಂದ ಹಾರ ಹಾಕಿಸಿ, ಶಾಲು ಹೊದಿಸಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಜನ ಜೋರಾಗಿ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ವೇದಿಕೆಯ ಮೇಲಿದ್ದವರು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ, ನಿಮಗೇ ಗೊತ್ತಲ್ಲ. ರೇಣುಕಮ್ಮ ಹಾರ ಹೊತ್ತು ಕೂತಳು. ಚಪ್ಪಾಳೆ ನಿಲ್ಲುವ ಮೊದಲೇ ಮ್ಯಾನೇಜರು, ಮಹಾಜನತೆ ವಾರ್ಡಿನ ಸ್ಥಳಾಂತರವನ್ನು ಕರತಾಡನದಿಂದ ಅನುಮೋದಿಸಿದೆಯೆಂದು ಮೈಕಿನಲ್ಲಿ ಸಾರಿ ವಂದನಾರ್ಪಣೆಗೆ ಕರೆದರು. ಅಷ್ಟರಲ್ಲಿ ಬಿಸಿ ಮಿರ್ಚಿ ಬಂದವು. ಥೂ, ಎಷ್ಟು ರುಚಿಯಾಗಿದ್ದವು ಅಂತೀರಿ!

ಮೊನ್ನೆ ರೇಣುಕಮ್ಮ ಮನೆಗೆ ಬಂದಳು. ಸಿಂಧನೂರಿಗೆ ಹೊರಟ ಟಂಟಂ ಆಟೋ ಕಾಲುವೆ ದಾಟುವ ಮೊದಲೇ ಮಗಳು ರಸ್ತೆಯ ಬದಿಯಲ್ಲಿ ಹೆತ್ತಿದ್ದಳು. ಹಾಡಹಗಲು, ಭತ್ತದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಅವಸರದಲ್ಲಿ ಕೈಗೆ ಸಿಕ್ಕಿದ್ದ ಆ ಸನ್ಮಾನದ ಶಾಲನ್ನೇ ಅಡ್ಡ ಹಿಡಿದು ಜೊತೆಗಿದ್ದ ಹೆಂಗಸರು ಮರೆ ಮಾಡಿದರಂತೆ. ತಾಯಿ, ಕೂಸು ಬದುಕಿಕೊಂಡವು. ಮ್ಯಾನೇಜರನ್ನು ಬೈಯಲು ಬಾಯಿ ತೆರೆದೆ. ಆದರೆ ಆಕೆ ಬಂದದ್ದು ನನ್ನ ಸಿಟ್ಟು ನೋಡುವುದಕ್ಕಲ್ಲ.

"ಸರ್, ನಿಮ್ಮಲ್ಲಿ ಶಾಲು ಭಾಳ ಅದಾವಂತ. ಎರಡು ಕೊಡ್ರಿ. ಓಣ್ಯಾಗ ಇನ್ನಾ ಇಬ್ಬರು ಬಸುರಿ ಹೆಣ್ಮಕ್ಕಳದಾರ."

ಬೀರು ತೆರೆದೆ. ಬೆಳಕಿಗೆ ಒಂದೊಂದನ್ನೇ ಹಿಡಿದು, ತೆಳುವಾದವನ್ನು ಪಕ್ಕಕ್ಕಿಟ್ಟು, ಆಚೆಯವರಿಗೆ ಏನೂ ಕಾಣದಷ್ಟು ದಪ್ಪನೆಯ ಶಾಲುಗಳನ್ನು ಹುಡುಕತೊಡಗಿದೆ.