ಹಾಡಿನಲ್ಲಿ ಮುಳುಗಿದ ವಿಸಿಲ್

ಅವರ ಎಡಗೈ ಬೆರಳ ತುದಿಗಳು ಹುಣಸೆಬೀಜದ ಹಾಗೆ ಗಟ್ಟಿಯಾಗಿ ಹೊಳೆಯುತ್ತಿದ್ದವು. ಯಡ್ತರೆಯಲ್ಲಿ ಬಸ್ಸು ಹತ್ತಿ ಚಾಲಕರ ಹಿಂದೆಯೇ ಕೂರುತ್ತಿದ್ದ ನನಗೆ ಗೇರ್ ಹಿಡಿಕೆಯ ಮೇಲಿದ್ದ ಆ ಬೆರಳುಗಳೇ ಮೊದಲು ಕಾಣುತ್ತಿದ್ದವು. ಅವು ಗಿಟಾರಿನ ತಂತಿ ಮಾಡಿದ ಗುರುತು ಎಂದು ಬಸ್ಸಿನಲ್ಲಿದ್ದ ಕಾಲೇಜಿನವರಿಗೆಲ್ಲ ಗೊತ್ತಿತ್ತು.

ಚಾಲಕರಾಗುವ ಮೊದಲು ಅವರು ನಾಲ್ವರ ರಾಕ್ ಬ್ಯಾಂಡೊಂದರ ಹಾಡುಗಾರರು. ಕುಂದಾಪುರದ ಮಾತಿನಲ್ಲಿ ತಾವೇ ಕಟ್ಟಿದ ಹಾಡುಗಳನ್ನು ತಾವೇ ಕ್ಯಾಸೆಟ್ ಮಾಡಿ ಹಂಚಿದ್ದರು. ಡ್ರಮ್ ಬಾರಿಸುವವನು ಬೊಂಬಾಯಿಯ ಹೋಟೆಲ್ ಕೆಲಸಕ್ಕೆ ಹೋದ, ಬ್ಯಾಂಡು ನಿಂತಿತು. ಕ್ಯಾಸೆಟ್ ಮಾತ್ರ ನಿಲ್ಲಲಿಲ್ಲ. ಪ್ರತಿಯ ಪ್ರತಿ ಮಾಡಿ ದನಿ ಸವೆದರೂ ನಾವು ಕೇಳುತ್ತಿದ್ದೆವು. ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ಹಾಡೂ ಇರಬಹುದೆಂದು ತೋರಿಸಿಕೊಟ್ಟವರು ಅವರು. ಹೊಳೆಯಾಚೆ ಕಾಯುವವಳಿಗೆ ಹೇಳುವ ಹಾಡೊಂದಿತ್ತು. ಅದರಲ್ಲಿ 'ಬತ್ತೆ ಕಾಣ್', ಅಂದರೆ ಬರುತ್ತೇನೆ ನೋಡು, ಎಂಬಲ್ಲಿ ಕೇಳುವವರೆಲ್ಲ ನೆಲಕ್ಕೆ ಕಾಲು ಬಡಿಯಬೇಕು. ಅದು ನಮ್ಮ ಶಾಸ್ತ್ರ.

"ಅಣ್ಣಾ, ಆ ಪದ ಒಂದ್ ಸಲ ಹೇಳಿ" ಎಂದು ನಾನು ದಿನವೂ ಪೀಡಿಸುತ್ತಿದ್ದೆ.

"ನೀನ್ ಟಿಕೆಟ್ ತಕಂಡದ್ದ್ ಕುಂದಾಪುರಕ್ಕೆ. ಪದಕ್ಕಲ್ಲ" ಎನ್ನುತ್ತಿದ್ದರು, ನಗದೆ.

ಹಿಂದಿನಿಂದ ಹುಡುಗರು ಕೂಗುತ್ತಿದ್ದರು: "ಹ್ವಾಯ್, ಪದ ಹೇಳ್ದಿರೆ ಗಾಡಿ ಹೋಪುದಿಲ್ಲ!"

"ಹಾಂಗಾರೆ ಇಳ್ದ್ ದೂಡಿ ಮಾರಾಯ್ರೆ!" ಎನ್ನುತ್ತಿದ್ದರು ಅವರು.

ಅವರು ಬಸ್ಸು ಬಿಡುವಾಗ ಒಂದು ಕಿವಿ ಸದಾ ಹಿಂದಕ್ಕೆ ಇರುತ್ತಿತ್ತು. ಒಂದು ವಿಸಿಲ್ ಎಂದರೆ ನಿಲ್ಲುವುದು, ಎರಡು ಎಂದರೆ ಹೊರಡುವುದು. ಜನ ಜೋತಾಡುವ ಬಸ್ಸಿನಲ್ಲಿ ಚಾಲಕರಿಗೆ ಹಿಂಬಾಗಿಲು ಕಾಣುವುದಿಲ್ಲ. ಕಂಡಕ್ಟರನ ವಿಸಿಲ್ಲೇ ಅವರ ಕಣ್ಣು. ಅದಕ್ಕೇ ಅವರ ಬಸ್ಸಿನಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ.

ಪರೀಕ್ಷೆ ಮುಗಿದ ದಿನ ನಾನೇ ಆ ಹಾಡು ಎತ್ತಿಕೊಟ್ಟೆ. ಬಸ್ಸಿಡೀ ಹಿಡಿಯಿತು. ಎದುರಿನ ಸಣ್ಣ ಕನ್ನಡಿಯಲ್ಲಿ ನೋಡಿದೆ: ಅವರ ತುಟಿ ಅಲುಗುತ್ತಿತ್ತು. ಅವರು ಹಾಡುತ್ತಿದ್ದರು! ಗೆದ್ದೆನೆಂದು ಎಲ್ಲರತ್ತ ತಿರುಗಿ ಕೈಯೆತ್ತಿದೆ. ಗದ್ದಲ ಇಮ್ಮಡಿಯಾಯಿತು.

ಮುಂದಿನ ಸ್ಟಾಪಿನಲ್ಲಿ ಮೀನು ಮಾರುವ ಅಮ್ಮನೊಬ್ಬರು ಖಾಲಿ ಬುಟ್ಟಿ ಹಿಡಿದು ಹಿಂಬಾಗಿಲಿನಿಂದ ಇಳಿದರು. ಎರಡು ವಿಸಿಲ್ ಬಿತ್ತು, ಬಸ್ಸು ಹೊರಟಿತು. ಅವರ ಸೆರಗು ಬಾಗಿಲ ಹಿಡಿಕೆಗೆ ಸಿಕ್ಕಿದ್ದು ಕಂಡು ಕಂಡಕ್ಟರ್ ಉದ್ದಕ್ಕೆ ವಿಸಿಲ್ ಊದಿದ. ಅಷ್ಟರಲ್ಲಿ 'ಬತ್ತೆ ಕಾಣ್' ಬಂತು. ನಾವೆಲ್ಲ ಕಾಲು ಬಡಿದೆವು.

ಹಿಂದಕ್ಕೆ ಮುಖ ಮಾಡಿದ್ದ ನಾನು ಕಂಡಕ್ಟರನ ಉಬ್ಬಿದ ಕೆನ್ನೆಯನ್ನು ಕಂಡೆ. ಅವನೂ ನಮ್ಮ ಜೊತೆ ಸೇರಿದ್ದಾನೆ ಎಂದುಕೊಂಡೆ. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಕೆನ್ನೆ. ಆಗಲೇ ಎದ್ದು ಚಾಲಕರ ಹೆಗಲು ತಟ್ಟಿದ್ದರೆ?

"ನಿಲ್ಸ್! ಹ್ವಾಯ್, ನಿಲ್ಸ್!" ಎಂಬ ಕಂಡಕ್ಟರನ ಕೂಗಿಗೆ ಬ್ರೇಕು ಬೀಳುವಾಗ ಬುಟ್ಟಿ ರಸ್ತೆಯಲ್ಲಿ ಉರುಳುತ್ತಿತ್ತು. ಅಮ್ಮನ ಜೀವ ಉಳಿಯಿತು. ಸೊಂಟದ ಮೂಳೆ ಮುರಿದಿತ್ತು. ಮತ್ತೆ ಅವರು ಬುಟ್ಟಿ ಹೊರಲಿಲ್ಲ.

ಸೇರಿದ ಜನ ಚಾಲಕರ ಕಾಲರ್ ಹಿಡಿದರು. "ಎಂತ, ಕಿವಿ ಕೇಂತಿಲ್ಯಾ ನಿಂಗೆ?"

ಅವರು ನಮ್ಮ ಕಡೆ ಒಮ್ಮೆಯೂ ತಿರುಗಲಿಲ್ಲ. "ಕಿವಿ ನಂದ್. ತಪ್ಪೂ ನಂದೇ" ಎಂದರು. ನಾವು ಬಸ್ಸಿನೊಳಗೆ ತಲೆ ತಗ್ಗಿಸಿ ಕೂತಿದ್ದೆವು.

ಅವರ ಕೆಲಸ ಹೋಯಿತು. ಕೆಲವು ವರ್ಷಗಳ ಮೇಲೆ ಹಂಗಾರಕಟ್ಟೆಯ ದಕ್ಕೆಯಲ್ಲಿ ದೋಣಿಗಳಿಗೆ ಮಂಜುಗಡ್ಡೆ ಎತ್ತಿಕೊಡುತ್ತಿದ್ದಾಗ ಸಿಕ್ಕಿದರು. ಬೆರಳ ತುದಿಗಳು ನೀರಿನಲ್ಲಿ ನೆಂದು ಬೆಳ್ಳಗೆ, ಮೆತ್ತಗಾಗಿದ್ದವು. "ನಮ್ಮಿಂದಲೇ ಅಣ್ಣಾ, ನಮ್ಮ ಗಲಾಟೆಯಿಂದ" ಎನ್ನುತ್ತಿದ್ದ ನನ್ನನ್ನು ತಡೆದರು.

"ಗಲಾಟಿ ಅಲ್ಲ ತಂಗಿ. ಪದ ಚಂದ ಇದ್ದಿತ್. ನಾನೂ ಹೇಳ್ತಿದ್ದೆ. ಅದ್ಕೇ ವಿಸಿಲ್ ಕೇಣ್ಲಿಲ್ಲ."

ಮತ್ತೆ ಅವರು ಹಾಡಲಿಲ್ಲವಂತೆ, ಯಾರ ಮದುವೆಯಲ್ಲೂ.

ಮೊನ್ನೆ ಬ್ರಹ್ಮಾವರದ ಮದುವೆಯೊಂದರಲ್ಲಿ, ಆ ಬ್ಯಾಂಡನ್ನು ಎಂದೂ ಕಾಣದ ಹುಡುಗರು ಅದೇ ಹಾಡು ಹಾಡಿದರು. 'ಬತ್ತೆ ಕಾಣ್' ಬಂದಾಗ ಛತ್ರದ ನೆಲ ಅದುರಿತು. ನನ್ನ ಕಾಲೂ ತಾನಾಗಿಯೇ ಎದ್ದಿತು. ಎರಡೂ ಕೈಯಿಂದ ಮೊಣಕಾಲು ಅದುಮಿ ಹಿಡಿದು, ಬಾಗಿಲ ಕಡೆ ನೋಡುತ್ತ ಕೂತೆ.